ಸುಳಿಯಲ್ಲೇ ಮುರುಟಿದ ಎಲೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಪತ್ರಗಳ ದೂರು ಒಂದೇ: ಮನೆಯೊಳಗಿನ ಕುಂಡದ ಗಿಡದಲ್ಲಿ ಹಳೆಯ ಎಲೆಗಳು ಚೆನ್ನಾಗಿಯೇ ಇವೆ, ಹೊಸದಾಗಿ ಬರುವ ಎಲೆ ಮಾತ್ರ ಸೊಟ್ಟಗೆ, ಸುಕ್ಕುಗಟ್ಟಿ ಬರುತ್ತಿದೆ. ನಾಲ್ಕಕ್ಕೂ ಕಾರಣ ಬೇರೆ ಬೇರೆಯಾಗಿರುವುದರಿಂದ ಅವನ್ನು ಒಟ್ಟಿಗೆ ಇಟ್ಟು ಉತ್ತರಿಸುವುದೇ ಸರಿಯೆನಿಸಿತು.

ಪ್ರಶ್ನೆ: ಮಾನ್ಯರೇ, ನಮ್ಮದು ಎರಡನೆಯ ಮಹಡಿಯ ಮನೆ. ಹಾಲ್‌ನಲ್ಲಿ ಪೂರ್ವದ ಕಿಟಕಿಯ ಪಕ್ಕ ಒಂದು ಮಾನ್ಸ್ಟೆರಾ ಗಿಡವಿದೆ. ತಂದು 14 ತಿಂಗಳಾಯಿತು. ಮೊದಲ ಆರು ಎಲೆಗಳು ಊಟದ ತಟ್ಟೆಯಷ್ಟು ಅಗಲವಾಗಿ, ಸೀಳು ಬಿಟ್ಟು, ಹೊಳೆಯುತ್ತ ಬಂದವು. ಈಚಿನ ಮೂರು ಎಲೆಗಳು ಸುರುಳಿ ಬಿಚ್ಚುವಾಗಲೇ ಸುಕ್ಕಾಗಿ, ತುದಿ ಕಂದಾಗಿ, ಅಂಚು ಹರಿದಂತೆ ಬರುತ್ತಿವೆ. ಮುಕ್ಕಾಲು ಪಾಲು ಕೋಕೋಪೀಟ್, ಕಾಲು ಪಾಲು ಎರೆಗೊಬ್ಬರದಲ್ಲಿ ನೆಟ್ಟಿದ್ದೇವೆ. ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇರುತ್ತದೆಂದು ಕುಡಿಯುವ ಆರ್‌ಒ ನೀರನ್ನೇ ಹಾಕುತ್ತೇವೆ. ವಾರಕ್ಕೊಮ್ಮೆ 19:19:19 ಗೊಬ್ಬರ ಕೊಡುತ್ತೇವೆ. ಹುಳು ಇರಬಹುದೆಂದು ಬೇವಿನ ಎಣ್ಣೆಯನ್ನು ಮೂರು ಬಾರಿ ಸಿಂಪಡಿಸಿದ್ದಾಯಿತು, ಮೊಟ್ಟೆಯ ಸಿಪ್ಪೆಯ ಪುಡಿ ಹಾಕಿದ್ದೂ ಆಯಿತು. ಎಲೆ ಅಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ ಹಾಕು ಎಂದು ನಮ್ಮ ಅತ್ತೆಯವರು ಹೇಳುತ್ತಿದ್ದಾರೆ. ಒಂದು ಎಲೆಯನ್ನು ಕತ್ತರಿಸಿ ಇದರೊಂದಿಗೆ ಕಳುಹಿಸಿದ್ದೇನೆ. ಏನು ಮಾಡಲಿ?
— ಗೃಹಿಣಿಯೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಎಲೆಯನ್ನು ಕಳುಹಿಸಿದ್ದು ಒಳ್ಳೆಯದಾಯಿತು. ಫೋಟೊದಲ್ಲಿ ಸುಕ್ಕು ಕಾಣುತ್ತದೆಯೇ ಹೊರತು ಅದರ ಕಾರಣ ಕಾಣುವುದಿಲ್ಲ.

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಿಕೊಳ್ಳೋಣ. ಎಲೆ ಸುರುಳಿ ಬಿಚ್ಚಿ ಹೊರಬಂದ ದಿನ ನೀವು ನೋಡುವ ಊನವು ಆ ದಿನ ಆದದ್ದಲ್ಲ. ಸುಳಿಯೊಳಗೆ ಎಲೆಯ ಕೋಶಗಳು ಒಡೆದು ಹೆಚ್ಚುತ್ತಿದ್ದ ಹೊತ್ತಿನಲ್ಲಿ, ಅಂದರೆ ಕೆಲವು ವಾರಗಳ ಹಿಂದೆಯೇ, ಒಂದು ಭಾಗದ ಕೋಶಗಳು ಸತ್ತಿರುತ್ತವೆ ಅಥವಾ ಬೆಳೆಯದೆ ನಿಂತಿರುತ್ತವೆ. ಸುತ್ತಲಿನ ಭಾಗ ಬೆಳೆಯುತ್ತಲೇ ಹೋಗುವುದರಿಂದ, ಒಂದು ಕಡೆ ಎಳೆದು ಹೊಲಿದ ಬಟ್ಟೆಯಂತೆ ಎಲೆ ನೆರಿಗೆಗಟ್ಟುತ್ತದೆ. ಹೀಗೆ ಊನಗೊಂಡ ಎಲೆಯನ್ನು ಯಾವ ಔಷಧಿಯೂ ನೇರಗೊಳಿಸಲಾರದು. ನೀವು ಮೂರು ಬಾರಿ ಬೇವಿನ ಎಣ್ಣೆ ಹೊಡೆದು, ಪ್ರತಿ ಬಾರಿಯೂ ಅದೇ ಎಲೆಯನ್ನು ನೋಡಿ ನಿರಾಶರಾದದ್ದರಲ್ಲಿ ಗಿಡದ ತಪ್ಪೇನೂ ಇಲ್ಲ.

ಇಂತಹ ದೂರು ಬಂದಾಗ ಮೊದಲು ಸಂಶಯಪಡಬೇಕಾದದ್ದು ಥ್ರಿಪ್ಸ್ ಕೀಟವನ್ನೇ. ಒಂದರಿಂದ ಎರಡು ಮಿಲಿಮೀಟರ್ ಉದ್ದದ, ಸಣ್ಣ ಗೀಟಿನಂತೆ ಕಾಣುವ ಈ ಕೀಟ ಎಳೆಯ ಎಲೆಯ ಮೇಲ್ಪದರವನ್ನು ಕೆರೆದು ರಸ ಹೀರುತ್ತದೆ. ಸುರುಳಿ ಸುತ್ತಿದ ಎಲೆಯ ಒಳಮಡಿಕೆಯೇ ಅದಕ್ಕೆ ಎಲ್ಲಕ್ಕಿಂತ ಸುರಕ್ಷಿತವಾದ ಮನೆ. ಅದು ಮೇಯ್ದ ಕಡೆ ಬೆಳ್ಳಿ ಬಣ್ಣದ ಕಲೆ ಉಳಿಯುತ್ತದೆ, ಆ ಕಲೆಯ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳಿರುತ್ತವೆ. ಆ ಚುಕ್ಕೆಗಳು ಅದರ ಹಿಕ್ಕೆ. ಬೆಳ್ಳಿಯ ಹೊಳಪು ಮತ್ತು ಕಪ್ಪು ಚುಕ್ಕೆ ಎರಡೂ ಒಟ್ಟಿಗೆ ಕಂಡರೆ ಬೇರೆ ವಿಚಾರಣೆ ಬೇಡ. ನೀವು ಕಳುಹಿಸಿದ ಎಲೆಯನ್ನು ಕಿಟಕಿಯ ಬೆಳಕಿನಲ್ಲಿ, ಚಿನ್ನದ ಕೆಲಸದವರು ಕಣ್ಣಿಗೆ ಒತ್ತಿ ಹಿಡಿಯುತ್ತಾರಲ್ಲ, ಆ ಬಗೆಯ ಹತ್ತುಪಟ್ಟು ಮಸೂರದಲ್ಲಿ ಮೇಲೂ ಕೆಳಗೂ ನೋಡಿದೆ. ನಡುದಿಂಡಿನ ಇಕ್ಕೆಲದಲ್ಲಿ ಎಲೆ ಹಸಿರಾಗಿ, ನಯವಾಗಿದೆ. ಕೆರೆದ ಗುರುತಿಲ್ಲ, ಚುಕ್ಕೆಗಳಿಲ್ಲ. ಕೆಟ್ಟಿರುವುದು ತುದಿಯ ಒಂದು ಅಂಗುಲ ಮತ್ತು ಅಂಚಿನ ಪಟ್ಟಿ ಮಾತ್ರ. ಅಲ್ಲಿ ಎಲೆ ಹಪ್ಪಳದಂತೆ ತೆಳುವಾಗಿ, ಕಂದಾಗಿ, ಮುಟ್ಟಿದರೆ ಪುಡಿಯಾಗುತ್ತಿತ್ತು, ಅದರ ಪಕ್ಕದಲ್ಲೇ ಹಸಿರು ಭಾಗ ಕೊಕ್ಕೆಯ ಹಾಗೆ ಒಳಕ್ಕೆ ಬಾಗಿತ್ತು.

ಥ್ರಿಪ್ಸ್ ಮೇಯುವಾಗ ಇಷ್ಟು ಅಚ್ಚುಕಟ್ಟಾಗಿ ಅಂಚನ್ನೇ ಹಿಡಿದು ಹೋಗುವುದಿಲ್ಲ, ಕಂಡಲ್ಲೆಲ್ಲ ಕೆರೆಯುತ್ತದೆ. ಆದರೂ ನೀವು ಒಮ್ಮೆ ಪರೀಕ್ಷಿಸಿಬಿಡಿ. ಸುಳಿಯ ಕೆಳಗೆ ಒಂದು ಬಿಳಿ ಹಾಳೆ ಹಿಡಿದು, ಸುರುಳಿಯ ಬಾಯಿಗೆ ಮೆಲ್ಲಗೆ ಉಸಿರು ಊದಿ, ನಾಲ್ಕು ಸಲ ಬೆರಳಿನಿಂದ ತಟ್ಟಿ. ಹಾಳೆಯ ಮೇಲೆ ಬಿದ್ದದ್ದರಲ್ಲಿ ಏನಾದರೂ ತಾನಾಗಿ ಸರಿದರೆ ನನ್ನ ಮುಂದಿನ ಮಾತನ್ನೆಲ್ಲ ಬದಿಗಿಟ್ಟು ಕೀಟದ ಚಿಕಿತ್ಸೆ ಶುರುಮಾಡಿ.

ಏನೂ ಸರಿಯದಿದ್ದರೆ, ನಿಮ್ಮ ಗಿಡಕ್ಕೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸಿಕ್ಕುತ್ತಿಲ್ಲ. ಇದನ್ನು ಎಲೆಗಿಂತ ಹೆಚ್ಚಾಗಿ ನಿಮ್ಮ ಪತ್ರವೇ ಹೇಳುತ್ತದೆ. ಆರ್‌ಒ ಯಂತ್ರ ನೀರಿನಲ್ಲಿ ಕರಗಿರುವ ಲವಣಗಳಲ್ಲಿ ಬಹುಪಾಲನ್ನು ತೆಗೆದುಹಾಕುತ್ತದೆ; ಅದರಲ್ಲಿ ಕ್ಯಾಲ್ಸಿಯಂ ಕೂಡ ಹೋಗುತ್ತದೆ. 19:19:19 ಗೊಬ್ಬರದಲ್ಲಿ ಸಾರಜನಕ, ರಂಜಕ, ಪೊಟ್ಯಾಶ್ ಇವೆ, ಕ್ಯಾಲ್ಸಿಯಂ ಇಲ್ಲ. ಅಷ್ಟೇ ಅಲ್ಲ, ಅದರಲ್ಲಿರುವ ಪೊಟ್ಯಾಶ್ ಮತ್ತು ಅಮೋನಿಯಾ ರೂಪದ ಸಾರಜನಕ ಬೇರಿನ ಬಾಗಿಲಲ್ಲಿ ಕ್ಯಾಲ್ಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತವೆ. ಮೂರನೆಯದು ಕೋಕೋಪೀಟ್. ತೆಂಗಿನ ನಾರಿನ ಈ ಪುಡಿಗೆ ಹುಟ್ಟಿನಿಂದಲೇ ಪೊಟ್ಯಾಶಿಯಂ, ಸೋಡಿಯಂ ಅಂಟಿಕೊಂಡಿರುತ್ತವೆ, ಕ್ಯಾಲ್ಸಿಯಂ ಬಂದರೆ ಅವನ್ನು ಬಿಟ್ಟುಕೊಟ್ಟು ಕ್ಯಾಲ್ಸಿಯಂ ಅನ್ನು ತಾನು ಹಿಡಿದಿಟ್ಟುಕೊಳ್ಳುತ್ತದೆ. ಎರೆಗೊಬ್ಬರದಲ್ಲಿದ್ದ ಕ್ಯಾಲ್ಸಿಯಂ ಆರು ಒಳ್ಳೆಯ ಎಲೆಗಳಿಗೆ ಸಾಕಾಯಿತು. ಅದು ತೀರಿದ ಮೇಲೆ ನೀರಿನಿಂದಲೂ ಇಲ್ಲ, ಗೊಬ್ಬರದಿಂದಲೂ ಇಲ್ಲ, ಮಣ್ಣಂತೂ ಕುಂಡದಲ್ಲಿಯೇ ಇಲ್ಲ.

ಹಳೆಯ ಎಲೆಗಳು ಏಕೆ ಚೆನ್ನಾಗಿವೆ ಎಂದು ನೀವು ಕೇಳಿಲ್ಲ, ಆದರೆ ಆ ಪ್ರಶ್ನೆಯಲ್ಲಿಯೇ ಉತ್ತರವಿದೆ. ಸಾರಜನಕವೋ ಮೆಗ್ನೀಸಿಯಮ್ಮೋ ಕಡಿಮೆಯಾದರೆ ಗಿಡ ಹಳೆಯ ಎಲೆಯಿಂದ ಕಿತ್ತು ಹೊಸ ಎಲೆಗೆ ಸಾಗಿಸುತ್ತದೆ, ಹಾಗಾಗಿ ಕೆಳಗಿನ ಎಲೆ ಹಳದಿಯಾಗುತ್ತದೆ. ಕ್ಯಾಲ್ಸಿಯಂ ಹಾಗಲ್ಲ, ಒಮ್ಮೆ ಒಂದು ಎಲೆಯ ಕೋಶದ ಗೋಡೆಯಲ್ಲಿ ಸೇರಿತೆಂದರೆ ಅದು ಅಲ್ಲಿಯ ಒಕ್ಕಲು, ಮತ್ತೆ ಕದಲುವುದಿಲ್ಲ. ಅದು ಸಾಗುವುದು ಬೇರು ಹೀರಿದ ನೀರಿನ ಜೊತೆ, ಆ ನೀರು ಹೋಗುವುದು ಹೆಚ್ಚು ಬೆವರುವ ದೊಡ್ಡ ಎಲೆಗಳ ಕಡೆಗೆ. ಸುರುಳಿ ಸುತ್ತಿಕೊಂಡ ಎಳೆಯ ಎಲೆ ಬೆವರುವುದೇ ಇಲ್ಲವೆನ್ನಬಹುದು. ಆದ್ದರಿಂದ ಅದಕ್ಕೆ ಪಾಲು ಸಿಗುವುದು ಕೊನೆಗೆ, ಅದೂ ಮುಖ್ಯವಾಗಿ ರಾತ್ರಿ, ಎಲೆಗಳ ಬೆವರು ನಿಂತು ಬೇರಿನ ಒತ್ತಡವೇ ನೀರನ್ನು ಮೇಲಕ್ಕೆ ತಳ್ಳುವ ಹೊತ್ತಿನಲ್ಲಿ. ಬೆಳಗ್ಗೆ ಎದ್ದಾಗ ಮಾನ್ಸ್ಟೆರಾದ ಎಲೆಯ ತುದಿಯಲ್ಲಿ ಒಂದು ಹನಿ ತೂಗುವುದನ್ನು ನೋಡಿರುತ್ತೀರಿ, ಹಿತ್ತಲಿನ ಕೆಸುವಿನ ಎಲೆಯಲ್ಲೂ ಅದೇ ಕಾಣುತ್ತದೆ. ಆ ಹನಿ ಬೇರಿನ ಒತ್ತಡ ಚೆನ್ನಾಗಿ ನಡೆಯುತ್ತಿದೆ ಎಂಬುದಕ್ಕೆ ಗುರುತು. ಮಾರ್ಚ್, ಏಪ್ರಿಲ್ ತಿಂಗಳಿನಲ್ಲಿ ಮೈಸೂರಿನ ಮಧ್ಯಾಹ್ನ 34–35 ಡಿಗ್ರಿ ಮುಟ್ಟಿ, ಮೇಲೆ ಫ್ಯಾನ್ ತಿರುಗುತ್ತ, ಕುಂಡ ಸಂಜೆಗೆ ಒಣಗಿಹೋಗಿದ್ದರೆ ಆ ಹನಿ ಮೂಡುವುದಿಲ್ಲ. ಟೊಮೇಟೊ ಬೆಳೆಯುವವರು ಕಾಯಿಯ ತಳ ಕಪ್ಪಾಗಿ ಕೊಳೆಯುವುದನ್ನು ಬಲ್ಲರು. ಅಲ್ಲಿಯೂ ಇದೇ ಕತೆ, ಏಕೆಂದರೆ ಕಾಯಿಯೂ ಬೆವರುವುದಿಲ್ಲ.

ಈಗ ಮಾಡಬೇಕಾದದ್ದು. ಆರ್‌ಒ ನೀರನ್ನು ನೀವು ಕುಡಿಯಿರಿ, ಗಿಡಕ್ಕೆ ನಲ್ಲಿಯ ನೀರು ಹಾಕಿ. ಮೈಸೂರಿಗೆ ಬರುವ ಕಾವೇರಿ, ಕಬಿನಿಯ ನೀರಿಗೆ ಬೆರೆಸುವ ಅಷ್ಟು ಕ್ಲೋರಿನ್‌ನಿಂದ ಮಾನ್ಸ್ಟೆರಾಕ್ಕೆ ತೊಂದರೆಯಿಲ್ಲ, ಮನಸ್ಸಿಗೆ ಸಮಾಧಾನ ಬೇಕಿದ್ದರೆ ಬಕೆಟ್ಟಿನಲ್ಲಿ ಒಂದು ರಾತ್ರಿ ಬಿಟ್ಟು ಬಳಸಿ. ಬಹುಮಹಡಿ ಮನೆಗಳಲ್ಲಿ ನಲ್ಲಿಯಲ್ಲಿ ಬರುವುದು ಕೊಳವೆಬಾವಿಯ ಗಡಸು ನೀರಾಗಿದ್ದರೆ ಮಾತ್ರ ಅರ್ಧ ಅದು, ಅರ್ಧ ಆರ್‌ಒ ನೀರು ಬೆರೆಸಿ. ಆರ್‌ಒ ಯಂತ್ರ ಹೊರಚೆಲ್ಲುವ ನೀರನ್ನು ಕುಂಡಕ್ಕೆ ತಿರುಗಿಸುವ ಉಳಿತಾಯ ಬೇಡ, ಅದರಲ್ಲಿ ಲವಣ ಬಹಳ ಹೆಚ್ಚಿರುತ್ತದೆ. 19:19:19 ಅನ್ನು ಎರಡು ತಿಂಗಳು ನಿಲ್ಲಿಸಿ. ಒಂದು ಸಲ ಕುಂಡದ ತಳದಿಂದ ಧಾರಾಳವಾಗಿ ನೀರು ಹರಿದುಹೋಗುವವರೆಗೆ ನಲ್ಲಿಯ ನೀರು ಸುರಿದು ಹಳೆಯ ಗೊಬ್ಬರದ ಉಪ್ಪನ್ನು ತೊಳೆಯಿರಿ. ಆಮೇಲೆ 15 ದಿನಕ್ಕೊಮ್ಮೆ ಒಂದು ಲೀಟರ್ ನೀರಿಗೆ ಒಂದು ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿ ಹಾಕಿ. ಗೊಬ್ಬರದ ಅಂಗಡಿಯಲ್ಲಿ ಬಿಳಿಯ ಕಾಳಿನ ರೂಪದಲ್ಲಿ ಸಿಗುತ್ತದೆ. ಗಾಳಿಯ ತೇವಕ್ಕೆ ನೀರಾಗುತ್ತದೆಯಾದ್ದರಿಂದ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಮುಂದೆ 19:19:19 ಮತ್ತೆ ಶುರುಮಾಡಿದಾಗ ಎರಡನ್ನೂ ಒಂದೇ ಕ್ಯಾನಿನಲ್ಲಿ ಬೆರೆಸಬಾರದು. ರಂಜಕ ಮತ್ತು ಕ್ಯಾಲ್ಸಿಯಂ ಸೇರಿದರೆ ಕರಗದ ಗಸಿಯಾಗಿ ತಳಕ್ಕೆ ಕೂರುತ್ತದೆ, ಎರಡೂ ಗಿಡಕ್ಕೆ ದಕ್ಕುವುದಿಲ್ಲ.

ಮಳೆ ಶುರುವಾದ ಮೇಲೆ ಕುಂಡ ಬದಲಿಸಿ. ಕೆಮ್ಮಣ್ಣು, ಚೆನ್ನಾಗಿ ಕಳಿತ ಗೊಬ್ಬರ, ಇದ್ದಿಲಿನ ಅಥವಾ ಇಟ್ಟಿಗೆಯ ಚೂರು, ಇವುಗಳ ಜೊತೆ ಕೋಕೋಪೀಟ್ ಕಾಲು ಪಾಲಿಗಿಂತ ಹೆಚ್ಚಿಲ್ಲದಂತೆ ಇರಲಿ. ಇಟ್ಟಿಗೆಯಂತೆ ಒತ್ತಿ ಮಾರುವ ಕೋಕೋಪೀಟ್ ಅನ್ನು ನೆನೆಸಿದಾಗ ಮೊದಲು ಬರುವ ಚಹಾ ಬಣ್ಣದ ನೀರನ್ನು ಎರಡು ಮೂರು ಸಲ ಚೆಲ್ಲಿ ತೊಳೆಯುವುದನ್ನು ಮರೆಯಬೇಡಿ.

ಅತ್ತೆಯವರ ಸಲಹೆಯ ಬಗ್ಗೆ: ಗಿಡಕ್ಕೆ ಸುಣ್ಣ ಕಡಿಮೆಯಾಗಿದೆ ಎಂದು ಅವರು ಊಹಿಸಿದ್ದರೆ ಅವರ ಊಹೆ ನೂರಕ್ಕೆ ನೂರು ಸರಿ, ಮದ್ದು ಮಾತ್ರ ತಪ್ಪು. ವೀಳ್ಯದೆಲೆಗೆ ಹಚ್ಚುವ ಸುಣ್ಣದ ತಿಳಿಯ ಕ್ಷಾರಗುಣ ಬಹಳ ತೀಕ್ಷ್ಣ. ಕುಂಡದಂತಹ ಸಣ್ಣ ಜಾಗದಲ್ಲಿ ಬೇರನ್ನು ಸುಟ್ಟೀತು. ಮೊಟ್ಟೆಯ ಸಿಪ್ಪೆಯಿಂದ ಕೇಡಿಲ್ಲ, ಸದ್ಯಕ್ಕೆ ಲಾಭವೂ ಇಲ್ಲ. ಅದು ಕರಗಿ ಬೇರಿಗೆ ಸಿಗುವಷ್ಟರಲ್ಲಿ ನೀವು ಎರಡು ಸಲ ಕುಂಡ ಬದಲಿಸಿರುತ್ತೀರಿ. ಬೋರಾನ್ ಕೊರತೆಯಲ್ಲೂ ಚಿಗುರು ಹೀಗೆಯೇ ಕೆಡುತ್ತದೆಂದು ಯಾರಾದರೂ ಬೋರಾಕ್ಸ್ ಹಾಕಲು ಹೇಳಿದರೆ ಕೇಳಬೇಡಿ; ಬೋರಾನ್ ಸ್ವಲ್ಪ ಹೆಚ್ಚಾದರೂ ವಿಷ.

ಇನ್ನು ಕಾಯುವ ಮಾತು. ಈಗ ಸುಳಿಯಲ್ಲಿ ಇರುವ ಎಲೆ ಆಗಲೇ ರೂಪುಗೊಂಡಿದೆ, ಅದೂ ಸೊಟ್ಟಗೇ ಬರಬಹುದು. ಅದನ್ನು ಕಂಡು ಚಿಕಿತ್ಸೆ ಬದಲಿಸಬೇಡಿ. ಅದರ ನಂತರದ ಎಲೆಯ ತುದಿಯನ್ನು ನೋಡಿ ತೀರ್ಮಾನಿಸಿ. ಬೆಳವಣಿಗೆಯ ಕಾಲದಲ್ಲಿ ಮಾನ್ಸ್ಟೆರಾ ಒಂದು ಎಲೆಗೆ ಸುಮಾರು ಐದಾರು ವಾರ ತೆಗೆದುಕೊಳ್ಳುವುದರಿಂದ ಎರಡೂವರೆ ಮೂರು ತಿಂಗಳು ಹಿಡಿಯುತ್ತದೆ. ಊನಗೊಂಡ ಎಲೆಗಳನ್ನು ಕತ್ತರಿಸುವ ಅಗತ್ಯವಿಲ್ಲ, ಹಸಿರು ಇರುವಷ್ಟು ಕಾಲ ಅವೂ ಗಿಡಕ್ಕೆ ಅನ್ನ ಬೇಯಿಸುತ್ತವೆ.

ಒಂದು ವೇಳೆ ಬಿಳಿ ಹಾಳೆಯ ಮೇಲೆ ಗೀಟು ಸರಿದಾಡಿತು ಎನ್ನೋಣ. ಆಗ ಕ್ರಮ ಬೇರೆ. ಹೆಚ್ಚು ಕೆರೆದ ಎಲೆಗಳನ್ನು ಕತ್ತರಿಸಿ ಕವರಿನಲ್ಲಿ ಕಟ್ಟಿ ಹೊರಹಾಕಿ, ಗಿಡವನ್ನು ಬಚ್ಚಲಿಗೆ ಒಯ್ದು ಎಲೆಯ ಎರಡೂ ಬದಿಗೆ ರಭಸದ ನೀರು ಹಿಡಿದು ತೊಳೆಯಿರಿ. ಆಮೇಲೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನ ದ್ರಾವಣದಲ್ಲಿ ಕಲಸಿ ಸಂಜೆ ಹೊತ್ತು ಸಿಂಪಡಿಸಿ. ಇದನ್ನು ಐದಾರು ದಿನಕ್ಕೊಮ್ಮೆ ಕನಿಷ್ಠ ನಾಲ್ಕು ಸಲ ಮಾಡಬೇಕು, ಏಕೆಂದರೆ ಥ್ರಿಪ್ಸ್ ಮೊಟ್ಟೆ ಇಡುವುದು ಎಲೆಯ ಒಳಪದರದಲ್ಲಿ, ಕೋಶಾವಸ್ಥೆ ಕಳೆಯುವುದು ಹೆಚ್ಚಾಗಿ ಕುಂಡದ ಮಣ್ಣಿನಲ್ಲಿ; ಎರಡಕ್ಕೂ ಎಣ್ಣೆ ತಾಗುವುದಿಲ್ಲ. ಅದಕ್ಕೂ ಬಗ್ಗದಿದ್ದರೆ ಸ್ಪಿನೋಸಾಡ್ ಎಂಬ ಔಷಧಿಯನ್ನು ಡಬ್ಬಿಯ ಮೇಲಿನ ಪ್ರಮಾಣ ಮೀರದಂತೆ ಬಳಸಬಹುದು. ನೀಲಿ ಬಣ್ಣದ ಅಂಟುಹಾಳೆಯನ್ನು ಗಿಡದ ಪಕ್ಕ ತೂಗಿದರೆ ಕೀಟ ಇದೆಯೋ ಹೋಯಿತೋ ಎಂಬ ಲೆಕ್ಕ ಸಿಗುತ್ತದೆ. ಇಷ್ಟು ವಿವರವಾಗಿ ಬರೆಯಲು ಕಾರಣ ನನ್ನದೇ ಅಜಾಗರೂಕತೆ. ಒಂದು ಫೆಬ್ರವರಿಯಲ್ಲಿ ಊರಾಚೆಯ ನರ್ಸರಿಯೊಂದರಿಂದ ತಂದ ಆಂಥೂರಿಯಂ ಅನ್ನು ಅಂದೇ ಉಳಿದ ಗಿಡಗಳ ನಡುವೆ ಇಟ್ಟೆ. ಯುಗಾದಿಯ ಹೊತ್ತಿಗೆ ಹಾಲ್‌ನ ಬಳ್ಳಿಗಳೆಲ್ಲ ಬೆಳ್ಳಿಯಾಗಿದ್ದವು. ಈಗ ಹೊಸ ಗಿಡ ಯಾವುದೇ ಆದರೂ ಮೂರು ವಾರ ಬೇರೆ ಕೋಣೆಯಲ್ಲಿ ಕುಳಿತು ಬರಬೇಕು.

ಪ್ರಶ್ನೆ: ನಾವು ಕಬ್ಬು ಬೆಳೆಯುವವರು. ಮನೆಯೊಳಗೆ ಒಂದು ರಬ್ಬರ್ ಗಿಡ, ಜಗುಲಿಯ ಮೇಲೆ ಕುಂಡದಲ್ಲಿ ದಾಸವಾಳ ಮತ್ತು ನಾಲ್ಕು ಟೊಮೇಟೊ ಸಸಿಗಳಿವೆ. ದಾಸವಾಳಕ್ಕೆ ಹಿಟ್ಟು ತಿಗಣೆ ಬಂದಿತ್ತೆಂದು ಎಲ್ಲಕ್ಕೂ ಒಂದೇ ಸಲ ಬೇವಿನ ಔಷಧಿ ಹೊಡೆದೆ. ಹತ್ತು ಹನ್ನೆರಡು ದಿನದಲ್ಲಿ ಮೂರೂ ಬಗೆಯ ಗಿಡಗಳ ಚಿಗುರು ತಿರುಚಿಕೊಂಡು, ಎಲೆ ಪಟ್ಟಿಯ ಹಾಗೆ ಕಿರಿದಾಗಿ ಬರುತ್ತಿದೆ. ಇದು ಮೆಣಸಿನ ಗಿಡಕ್ಕೆ ಬರುವ ಮುಟುರು ರೋಗವೇ?
— ರೈತರೊಬ್ಬರು, ಮದ್ದೂರು ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಅಲ್ಲ. ಮೆಣಸಿನ ಮುಟುರಿನಲ್ಲಿ ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್, ಕೆಳಕ್ಕೆ ಮಡಚಿ ತೊಟ್ಟು ಉದ್ದವಾದರೆ ನುಸಿ ಎಂಬ ಲೆಕ್ಕ ನಿಮಗೆ ಗೊತ್ತಿರುತ್ತದೆ. ಆದರೆ ರಬ್ಬರ್ ಗಿಡ, ದಾಸವಾಳ, ಟೊಮೇಟೊ ಮೂರಕ್ಕೂ ಒಂದೇ ವಾರದಲ್ಲಿ, ಒಂದೇ ತೆರನಾಗಿ ಹಿಡಿಯುವ ರೋಗ ಅಥವಾ ಕೀಟವನ್ನು ನಾನು ಕಂಡಿಲ್ಲ. ಸಂಬಂಧವಿಲ್ಲದ ಗಿಡಗಳು ಒಟ್ಟಿಗೆ ತಿರುಚಿಕೊಂಡಾಗ ಗಿಡವನ್ನಲ್ಲ, ಔಷಧಿ ಹೊಡೆದ ಕ್ಯಾನನ್ನು ಪರೀಕ್ಷಿಸಬೇಕು.

ಬೇವಿನ ಔಷಧಿಯನ್ನು ಯಾವ ಪಂಪಿನಿಂದ ಹೊಡೆದಿರೆಂದು ನೀವು ಬರೆದಿಲ್ಲ. ಕಬ್ಬಿನ ಗದ್ದೆಯಲ್ಲಿ ಅಗಲ ಎಲೆಯ ಕಳೆಗೆ 2,4-ಡಿ ಹೊಡೆದ ಬೆನ್ನಿನ ಪಂಪೇ ಆಗಿದ್ದರೆ ಉತ್ತರ ಸಿಕ್ಕಿತು. 1940ರ ದಶಕದಲ್ಲಿ ಬಳಕೆಗೆ ಬಂದ ಈ ಕಳೆನಾಶಕ, ಗಿಡದ ಬೆಳವಣಿಗೆಯನ್ನು ನಡೆಸುವ ಆಕ್ಸಿನ್ ಎಂಬ ಹಾರ್ಮೋನಿನ ವೇಷ ಹಾಕಿಕೊಂಡು ಒಳಹೋಗುತ್ತದೆ. ಚಿಗುರಿಗೆ ಬೆಳೆಯಲು ಅಡ್ಡಾದಿಡ್ಡಿ ಆಜ್ಞೆ ಬಂದಂತಾಗಿ, ತೊಟ್ಟು ತಿರುಚಿ, ನರಗಳು ಒತ್ತೊತ್ತಾಗಿ, ಎಲೆ ಪಟ್ಟಿಯಾಗುತ್ತದೆ. ಕಬ್ಬು, ಭತ್ತ ಹುಲ್ಲಿನ ಜಾತಿಯಾದ್ದರಿಂದ ತಾಳಿಕೊಳ್ಳುತ್ತವೆ. ಟೊಮೇಟೊಗೆ ಮಾತ್ರ ಪಂಪಿನ ತಳದಲ್ಲಿ, ರಬ್ಬರ್ ಕೊಳವೆಯಲ್ಲಿ, ವಾಷರಿನ ಸಂದಿಯಲ್ಲಿ ಉಳಿದ ಪಸೆಯೇ ಸಾಕು. ನಿಮ್ಮ ಮೂರು ಗಿಡಗಳಲ್ಲಿ ಅತಿ ಹೆಚ್ಚು ಕೆಟ್ಟಿರುವುದು ಟೊಮೇಟೊ ಆಗಿದ್ದರೆ ಈ ಅನುಮಾನ ಇನ್ನಷ್ಟು ಗಟ್ಟಿ. ಪಂಪು ಬೇರೆಯೇ ಆಗಿದ್ದಲ್ಲಿ, ಆ ವಾರ ಪಕ್ಕದ ಗದ್ದೆಯಲ್ಲಿ ಯಾರಾದರೂ ಗಾಳಿಯ ದಿನ ಕಳೆನಾಶಕ ಹೊಡೆದರೇ ಎಂದು ವಿಚಾರಿಸಿ; ಜಗುಲಿಯವರೆಗೆ, ತೆರೆದ ಕಿಟಕಿಯಿಂದ ಒಳಗೂ, ಅದರ ಹನಿ ಹಾರಿ ಬರುತ್ತದೆ.

ಇದಕ್ಕೆ ಮಾರುಮದ್ದಿಲ್ಲ. ಗೊಬ್ಬರ ಕೊಟ್ಟು ಚಿಗುರನ್ನು ಒತ್ತಾಯಿಸಬೇಡಿ, ನೀರು ಮಾತ್ರ ಹದವಾಗಿ ಕೊಡಿ. ರಬ್ಬರ್ ಗಿಡವೂ ದಾಸವಾಳವೂ ಗಟ್ಟಿ ಜೀವಗಳು. ಸುಳಿ ಕಪ್ಪಾಗದೆ ಹಸಿರಾಗಿದ್ದರೆ ಎರಡು ಮೂರು ಎಲೆ ಕಳೆದ ಮೇಲೆ ಸರಿಯಾದ ಎಲೆ ಬರುತ್ತದೆ, ಆಗ ಬೇಕಿದ್ದರೆ ತಿರುಚಿದ ಕುಡಿಯನ್ನು ಚಿವುಟಿ. ಟೊಮೇಟೊ ಸಸಿಗಳನ್ನು ಕಿತ್ತುಬಿಡಿ, ಅವುಗಳ ಕಾಯಿ ತಿನ್ನಬೇಡಿ. ಕುಂಡದ ಮಣ್ಣನ್ನು ಎಸೆಯಬೇಕಿಲ್ಲ. ತೇವವಿರುವ ಜೀವಂತ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು 2,4-ಡಿಯನ್ನು ಕೆಲವು ವಾರಗಳಲ್ಲಿ ಒಡೆದುಹಾಕುತ್ತವೆ.

ಪಂಪನ್ನು ಮೂರು ಸಲ ತೊಳೆದು, ವಾಷಿಂಗ್ ಸೋಡಾ ಕರಗಿಸಿದ ನೀರು ತುಂಬಿ ಒಂದು ರಾತ್ರಿ ಬಿಟ್ಟು, ಮರುದಿನ ಅದೇ ನೀರನ್ನು ನಾಜಲ್ ಮೂಲಕ ಹೊಡೆದು ಖಾಲಿ ಮಾಡಿ ಮತ್ತೆ ತೊಳೆಯಬಹುದು. ಇಷ್ಟಾದರೂ ಆ ಪಂಪನ್ನು ಮನೆಯ ಗಿಡದ ಹತ್ತಿರ ತರಲು ನನಗೆ ಧೈರ್ಯವಿಲ್ಲ. ಒಂದು ಲೀಟರಿನ ಕೈ ಸ್ಪ್ರೇಯರ್ ಬೇರೆ ಇಟ್ಟುಕೊಳ್ಳಿ, ಅದರ ಮೇಲೆ ಬಣ್ಣದಲ್ಲಿ ‘ಮನೆ’ ಎಂದು ಬರೆದಿಡಿ. ಗದ್ದೆಯ ಇತರ ಬೆಳೆಗೂ ಹೀಗಾಗಿದ್ದರೆ ಮಂಡ್ಯದ ವಿ.ಸಿ. ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ಕೊಂಬೆ ಒಯ್ದು ತೋರಿಸಿ.

ಪ್ರಶ್ನೆ: ನಿವೃತ್ತಿಯ ನಂತರ ಬಿಗೋನಿಯಾ ಬೆಳೆಸುವ ಹವ್ಯಾಸ ಹಿಡಿದಿದೆ. ಕಿಟಕಿಯ ಒಳಗಡೆ 11 ಕುಂಡಗಳಿವೆ. ಎರಡು ತಿಂಗಳಿನಿಂದ ನಾಲ್ಕು ಗಿಡಗಳ ಚಿಗುರೆಲೆ ಕಾಸಿನಗಲವೂ ಆಗದೆ ಗಡುಸಾಗಿ, ಅಂಚು ಕೆಳಕ್ಕೆ ಮಡಚಿಕೊಂಡು ನಿಂತುಬಿಡುತ್ತಿದೆ. ಎಲೆಯ ಅಡಿ ತಾಮ್ರದ ಬಣ್ಣಕ್ಕೆ ತಿರುಗಿದೆ. ಭೂತಗನ್ನಡಿ ಹಿಡಿದು ನೋಡಿದರೂ ಹುಳು ಕಾಣುವುದಿಲ್ಲ. ಅಂಗಡಿಯವರು ಇಮಿಡಾಕ್ಲೋಪ್ರಿಡ್ ಕೊಟ್ಟರು, ಎರಡು ಸಲ ಹೊಡೆದೆ, ಗುಣವಾಗಲಿಲ್ಲ. ವೈರಸ್ ಎಂದು ಎಲ್ಲವನ್ನೂ ಎಸೆಯಬೇಕೆ?
— ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ಉತ್ತರ: ಎಸೆಯಬೇಡಿ. ಗಡುಸು, ಕೆಳಕ್ಕೆ ಮಡಚಿದ ಅಂಚು, ತಾಮ್ರದ ಬಣ್ಣದ ಅಡಿಭಾಗ, ಈ ಮೂರೂ ಕೂಡಿದರೆ ಅದು ಮೆಣಸಿನ ಗಿಡವನ್ನೂ ಕಾಡುವ ಹಳದಿ ನುಸಿಯ ಕೆಲಸ. ಇದರ ಉದ್ದ ಒಂದು ಮಿಲಿಮೀಟರಿನ ಐದನೆಯ ಒಂದು ಭಾಗ, ಮೈ ಪಾರದರ್ಶಕ, ವಾಸ ಚಿಗುರಿನ ಮಡಿಕೆ. ಓದುವ ಭೂತಗನ್ನಡಿಗೆ ಕಾಣದಿರುವುದೇ ಸಹಜ. 20 ಪಟ್ಟಿನ ಮಸೂರದಲ್ಲಿ ಕೂಡ ಹುಳುವಿಗಿಂತ ಮೊದಲು ಕಾಣುವುದು ಅದರ ಮೊಟ್ಟೆ: ಗಾಜಿನ ಹನಿಯ ಮೇಲೆ ಸಾಲಾಗಿ ಬಿಳಿ ಬೊಟ್ಟಿಟ್ಟಂತಿರುತ್ತದೆ, ಒಮ್ಮೆ ನೋಡಿದವರು ಮರೆಯುವುದಿಲ್ಲ.

ನುಸಿ ಕೀಟವಲ್ಲ, ಜೇಡ ಮತ್ತು ಉಣ್ಣಿಯ ಕುಲಕ್ಕೆ ಸೇರಿದ್ದು. ಇಮಿಡಾಕ್ಲೋಪ್ರಿಡ್ ರಸ ಹೀರುವ ಕೀಟಗಳಿಗೆ ಮದ್ದೇ ಹೊರತು ನುಸಿಗಲ್ಲ. ಗಿಡದ ಹೆಸರನ್ನೂ ಕೇಳದೆ, ಎಲೆಯನ್ನೂ ನೋಡದೆ, ಚಿಗುರು ಮುರುಟಿದೆ ಎಂದ ಕೂಡಲೇ ಅದನ್ನೇ ತೆಗೆದುಕೊಡುವ ಅಭ್ಯಾಸ ಅಂಗಡಿಗಳಲ್ಲಿ ಬೆಳೆದುಬಿಟ್ಟಿದೆ. ಕೊಳ್ಳುವ ನಾವೂ ಕೇಳುವುದಿಲ್ಲ.

ನಾಲ್ಕು ಗಿಡಗಳನ್ನು ಉಳಿದ ಏಳರಿಂದ ದೂರವಿಡಿ, ಅವನ್ನು ಮುಟ್ಟಿದ ಕೈಯಿಂದ ಬೇರೆ ಗಿಡ ಮುಟ್ಟಬೇಡಿ. ಬಿಳಿ ನೊಣ ಇದ್ದರೆ ಅದನ್ನೂ ಹತೋಟಿಗೆ ತನ್ನಿ, ಈ ನುಸಿ ಅದರ ಕಾಲು ಹಿಡಿದು ಗಿಡದಿಂದ ಗಿಡಕ್ಕೆ ಸವಾರಿ ಮಾಡುತ್ತದೆ. ಮುರುಟಿದ ಕುಡಿಗಳನ್ನೆಲ್ಲ ಒಂದೆರಡು ಗೆಣ್ಣು ಕೆಳಗಿನವರೆಗೆ ಕತ್ತರಿಸಿ, ಬಿಗಿಯಾಗಿ ಕಟ್ಟಿ ಕಸಕ್ಕೆ ಹಾಕಿ. ನುಸಿಯ ಮುಕ್ಕಾಲು ಸಂಸಾರ ಅಲ್ಲಿಗೇ ಹೋಗುತ್ತದೆ. ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2 ಗ್ರಾಂ ಪ್ರಮಾಣದಲ್ಲಿ ಕಲಸಿ, ಮೊದಲು ಒಂದು ಎಲೆಗೆ ಮಾತ್ರ ಹಚ್ಚಿ ಎರಡು ದಿನ ನೋಡಿ, ಎಲೆ ಸುಡದಿದ್ದರೆ ಗಿಡಕ್ಕೆಲ್ಲ ಸಿಂಪಡಿಸಿ. ಸುಡು ಬಿಸಿಲಿನ ದಿನ ಬೇಡ. ಬೇವಿನ ಎಣ್ಣೆ ಹೊಡೆದು ಎರಡು ವಾರ ಆಗಿರದಿದ್ದರೂ ಬೇಡ, ಎಣ್ಣೆ ಮತ್ತು ಗಂಧಕ ಸೇರಿದರೆ ಎಲೆ ಬೇಯುತ್ತದೆ. ಬೆಚ್ಚಗಿನ ಹವೆಯಲ್ಲಿ ಈ ನುಸಿಯ ಒಂದು ತಲೆಮಾರು ಒಂದು ವಾರದೊಳಗೆ ಮುಗಿಯುವುದರಿಂದ ಐದಾರು ದಿನ ಬಿಟ್ಟು ಎರಡನೆಯ ಸಲ, ಮತ್ತೊಮ್ಮೆ ಮೂರನೆಯ ಸಲ ಹೊಡೆಯಬೇಕು. ನುಸಿ ಸತ್ತ ಮೇಲೂ ಅದರ ಜೊಲ್ಲಿನ ವಿಷ ಚಿಗುರಿನಲ್ಲಿ ಉಳಿದು ಕೆಲವು ವಾರ ಎಲೆ ಸೊಟ್ಟಗೇ ಬರುತ್ತದೆ. ಆ ವಾರಗಳಲ್ಲಿ ಧೈರ್ಯಗೆಟ್ಟು ಒಂದರ ಮೇಲೊಂದು ಔಷಧಿ ಹೊಡೆದೇ ಹೆಚ್ಚಿನ ಬಿಗೋನಿಯಾಗಳು ಸಾಯುವುದು.

ಪ್ರಶ್ನೆ: ನಮ್ಮ ಮನೆಯ ಕೆಲೇಡಿಯಂ ಮತ್ತು ಡೈಫೆನ್‌ಬಾಕಿಯಾ ಗಿಡಗಳ ಹೊಸ ಎಲೆಗಳಲ್ಲಿ ನರದ ಗುಂಟ ಹಕ್ಕಿಯ ಗರಿಯಂತೆ ಮಾಸಲು ಹಳದಿ ಗೆರೆ ಮೂಡಿ, ಎಲೆ ಒಂದು ಕಡೆಗೆ ವಾಲುತ್ತದೆ. ಹೋದ ವರ್ಷ ಔಷಧಿ ಹೊಡೆದ ಮೇಲೆ ನಾಲ್ಕು ಎಲೆ ಚೆನ್ನಾಗಿ ಬಂದವು, ಈಗ ಮತ್ತೆ ಶುರುವಾಗಿದೆ. ಹಿತ್ತಲಿನ ಕೆಸುವಿನಲ್ಲೂ ಇದೇ ಗೆರೆ ಇದೆ.
— ಓದುಗರೊಬ್ಬರು, ಮಂಡ್ಯ

ಉತ್ತರ: ಈ ನಾಲ್ಕು ಪತ್ರಗಳಲ್ಲಿ ವೈರಸ್ ಎಂದು ಹೇಳಬಹುದಾದದ್ದು ನಿಮ್ಮದೊಂದೇ. ಕೆಸುವಿನ ಕುಟುಂಬದ ಗಿಡಗಳಿಗೆ ಹಿಡಿಯುವ ಮೊಸಾಯಿಕ್ ವೈರಸ್ಸಿನ ಗುರುತೇ ಈ ಗರಿಯಂತಹ ಗೆರೆ. ಅದು ಆಗಾಗ ಮರೆಯಾಗಿ, ಕೆಲವು ಎಲೆ ಸರಿಯಾಗಿ ಬಂದು, ಮತ್ತೆ ತಲೆ ಎತ್ತುತ್ತದೆ. ಹೋದ ವರ್ಷ ಗುಣವಾದಂತೆ ಕಂಡದ್ದು ಔಷಧಿಯಿಂದಲ್ಲ. ಸಸ್ಯಹೇನು, ಕತ್ತರಿಸಿದ ಚಾಕು, ಕಿತ್ತು ಹಂಚಿದ ಗೆಡ್ಡೆ ಮತ್ತು ತುಂಡುಗಳ ಮೂಲಕ ಇದು ಹರಡುತ್ತದೆ, ಗುಣಪಡಿಸುವ ಮದ್ದಿಲ್ಲ. ಕುಂಡದ ಎರಡು ಗಿಡಗಳನ್ನು ಗೆಡ್ಡೆಯ ಸಮೇತ ತೆಗೆದುಹಾಕಿ. ಹಿತ್ತಲಿನ ಕೆಸುವನ್ನು ಅಡುಗೆಗೆ ಬಳಸಲು ಅಡ್ಡಿಯಿಲ್ಲ, ಈ ವೈರಸ್ ಮನುಷ್ಯರನ್ನು ಮುಟ್ಟುವುದಿಲ್ಲ. ಪತ್ರೊಡೆ ಮಾಡಿ ಮುಗಿಸಿ, ಆದರೆ ಅದರ ಗೆಡ್ಡೆಯನ್ನು ನೆರೆಮನೆಗೆ ನೆಡಲು ಕೊಡಬೇಡಿ.